ಗೆರೆ ಎಳೆಯುವ ಮುನ್ನ ಕೆನ್ನೆಗೊಂದು ಚಿಟಿಕೆ ಪುಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಲಗಾಮೆಯ ಅಂಚಿನ ಬಯಲಿನಲ್ಲಿ ಪುಟ್ಟತಾಯಮ್ಮ ಒಬ್ಬರೇ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಬಾಯಿ ಬಿಚ್ಚಿದ ಗೋಣಿಚೀಲ, ತಳಕ್ಕೆ ತೂತು ಕೊರೆದ ಹಳೆಯ ಎಣ್ಣೆ ಡಬ್ಬ, ಒಂದು ಉಂಡೆ ಹುರಿ. ಚೀಲದಿಂದ ಒಂದು ಚಿಟಿಕೆ ಬಿಳಿ ಪುಡಿ ತೆಗೆದು ಅಂಗೈಗೆ ಹಾಕಿಕೊಳ್ಳುತ್ತಾರೆ. ಹುಲ್ಲಿನ ಮೇಲಿನ ಇಬ್ಬನಿಗೆ ಬೆರಳು ತಾಗಿಸಿ, ಪುಡಿ ಕಲಸಿ, ಬಲಗಣ್ಣಿನ ಕೆಳಗೆ ಕೆನ್ನೆಯ ಮೂಳೆಯ ಮೇಲೆ ಬಳಿದುಕೊಳ್ಳುತ್ತಾರೆ. ಆಮೇಲೆ ಏನೂ ಮಾಡುವುದಿಲ್ಲ. ಕೈ ಕಟ್ಟಿಕೊಂಡು, ಯಾರೋ ಒಳಗಿನಿಂದ ಕೂಗುತ್ತಾರೇನೋ ಎಂಬಂತೆ ಕಾಯುತ್ತಾರೆ.

ಉರಿಯುವುದಿಲ್ಲ. ಆಗ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುರಿ ಕಟ್ಟಿ, ಡಬ್ಬ ತಟ್ಟುತ್ತ ಮೊದಲ ಗೆರೆ ಎಳೆಯುತ್ತಾರೆ. ಪ್ರತಿ ಭಾನುವಾರವೂ ಇದೇ ಕ್ರಮ. ಹೊಸದಾಗಿ ಬಂದ ಆಟಗಾರರು ಇದೇನೋ ಮೈದಾನಕ್ಕೆ ಮಾಡುವ ಪೂಜೆ ಎಂದುಕೊಳ್ಳುತ್ತಾರೆ. ಹಳಬರು ಆ ಹೊತ್ತಿಗೆ ಬೇರೆ ಕಡೆ ನೋಡುತ್ತಾರೆ.

ಸಾಲಗಾಮೆಯಂಥ ಊರಿನಲ್ಲಿ ರಗ್ಬಿ ಆಡುತ್ತಾರೆ ಎಂದರೆ ಹಾಸನದ ಪೇಟೆಯವರೇ ಈಗಲೂ ನಂಬುವುದಿಲ್ಲ. ಕಲ್ಕತ್ತೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಸಂಪತ್ಕುಮಾರ ಅಲ್ಲಿ ಈ ಆಟ ಕಲಿತು, ತೊಂಬತ್ತಮೂರರಲ್ಲಿ ಹಾಸನಕ್ಕೆ ವರ್ಗವಾಗಿ ಬರುವಾಗ ಟ್ರಂಕಿನಲ್ಲಿ ಎರಡು ಚೆಂಡು ತಂದರು. ಊರ ಹುಡುಗರು ಅದನ್ನು ಮೊಟ್ಟೆ ಚೆಂಡು ಎಂದರು. ಸಂಪತ್ಕುಮಾರರ ತಾಯಿ ಲಕ್ಷ್ಮೀದೇವಮ್ಮನವರಿಗೆ ಆ ಹೆಸರು ಮಡಿಗೆ ಆಗಿಬರಲಿಲ್ಲ. ಮಾವಿನಕಾಯಿ ಚೆಂಡು ಎಂದೇ ಕರೆದರು, ಇಂದಿಗೂ ಹಾಗೇ ಕರೆಯುತ್ತಾರೆ. ಸಾಲಗಾಮೆಯ ಜಮೀನುದಾರರಾದ ನಂಜಪ್ಪನವರು ಆಲೂಗಡ್ಡೆ ಬೆಳೆಯುತ್ತಿದ್ದ ಹೊಲ ಬಿಟ್ಟುಕೊಟ್ಟರು. ಬಿದ್ದರೆ ಮೂಳೆ ಮುರಿಯದಷ್ಟು ಮೆತ್ತಗಿನ ಮಣ್ಣು. ನೋಡಲು ಬಂದವರೇ ಆಮೇಲೆ ತಮ್ಮೂರಿನಲ್ಲೂ ತಂಡ ಕಟ್ಟಿದರು. ಹೊಳೆನರಸೀಪುರದವರು ಹೊಳೆದಂಡೆಯ ಮರಳಿನಲ್ಲಿ ಅಭ್ಯಾಸ ಮಾಡಿದರೆ, ಅರಕಲಗೂಡಿನವರು ಹೊಗೆಸೊಪ್ಪು ಕಿತ್ತ ಹೊಲದಲ್ಲಿ ಆಡಿದರು. ಚನ್ನರಾಯಪಟ್ಟಣದವರು ಜಾಗ ಸಿಗದೆ ತೆಂಗಿನ ಮರಗಳ ನಡುವೆಯೇ ಓಡುತ್ತಿದ್ದರು. ಮರ ತಪ್ಪಿಸಿ ಓಡುವುದನ್ನು ಕಲಿತವರನ್ನು ಹಿಡಿಯುವುದು ಕಷ್ಟ ಎಂದು ಉಳಿದ ಮೂರು ಊರಿನವರೂ ದೂರುತ್ತಿದ್ದರು.

ಆಟಕ್ಕೆ ಬೇಕಾದ್ದು ಗೆರೆ. ಎದುರಾಳಿಯ ಕೊನೆಯ ಗೆರೆಯ ಮೇಲೆ ಚೆಂಡು ಊರಿದರೆ ಅಂಕ. ಆ ಗೆರೆ ಎಳೆಯಲು ಸಂಪತ್ಕುಮಾರ ಹುಡುಕಿ ಕರೆತಂದದ್ದು ಊರ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದ ಪುಟ್ಟತಾಯಮ್ಮನನ್ನು. ಗಂಡ ಬೇಗ ತೀರಿಕೊಂಡ ಮೇಲೆ ಏಣಿ, ಬಕೆಟ್ಟು, ಕತ್ತಾಳೆ ನಾರಿನ ಕುಂಚ ಇವೇ ಅವರ ಸಂಸಾರ. ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ, ನೀರು ಬಿಟ್ಟು, ಅದು ಕೊತಕೊತ ಕುದ್ದು ತಣ್ಣಗಾಗುವ ತನಕ ಮುಟ್ಟುತ್ತಿರಲಿಲ್ಲ. ಅರಳಿದ ಸುಣ್ಣವನ್ನು ವಾರಗಟ್ಟಲೆ ಬಿಟ್ಟು, ಒಣಗಿಸಿ, ಹಳೆಯ ಸೀರೆಯಲ್ಲಿ ಜರಡಿ ಹಿಡಿದು ಮೈದಾನಕ್ಕೆ ತರುತ್ತಿದ್ದರು. ಅವಸರ ಮಾಡಿದವರಿಗೆ ಅವರ ಉತ್ತರ ಒಂದೇ. "ಗ್ವಾಡೆ ಎದ್ದು ಓಡಲ್ಲ, ಬಿದ್ದು ಒಳ್ಳಾಡಲ್ಲ. ಇವು ಗ್ವಾಡೆ ಅಲ್ಲ ಕಣಪ್ಪ, ಹುಡುಗ್ರು."

ಆಟ ಮುಗಿದ ಮೇಲೆ ಊಟ. ಅವರೆಕಾಳಿನ ಸಾರು, ರಾಗಿಮುದ್ದೆ, ಲಕ್ಷ್ಮೀದೇವಮ್ಮನವರು ಆಟೋದಲ್ಲಿ ಕಳಿಸುವ ಮೊಸರನ್ನದ ಪಾತ್ರೆ. ಎರಡು ತಂಡವೂ ಒಂದೇ ಪಂಕ್ತಿ. ಈ ಪಂಕ್ತಿಗೊಂದು ಕಟ್ಟಳೆಯಿದೆ. ಆಟದಲ್ಲಿ ನೀನು ಯಾರನ್ನು ಜೋರಾಗಿ ಕೆಡವಿದೆಯೋ, ಅವನ ಎಲೆಗೆ ಮೊದಲ ಮುದ್ದೆಯನ್ನು ನೀನೇ ಇಡಬೇಕು. ಇಟ್ಟ ಮೇಲೆ ಆ ಜಗಳ ಅಲ್ಲಿಗೆ ತೀರಿತು, ರಸ್ತೆಗೆ ಹೋಗಕೂಡದು. ಯಾರು ಶುರು ಮಾಡಿದರೋ ಯಾರಿಗೂ ನೆನಪಿಲ್ಲ. ತುಟಿ ಒಡೆದುಕೊಂಡ ಅರಕಲಗೂಡಿನ ಹುಡುಗ, ಒಡೆದವನು ತಂದ ಮುದ್ದೆಯನ್ನು ನೋಡಿ, ಇನ್ನೂ ಸ್ವಲ್ಪ ದೊಡ್ಡದು ತಾರಲಾ, ನೀನು ಗುದ್ದಿದ್ದು ಇಷ್ಟೇ ಅಲ್ಲ ಎಂದಿದ್ದನ್ನು ಈಗಲೂ ಹೇಳಿಕೊಂಡು ನಗುತ್ತಾರೆ. ಪುಟ್ಟತಾಯಮ್ಮ ಮಾತ್ರ ಆ ಪಂಕ್ತಿಯಲ್ಲಿ ಕೂತವರಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಯ ಹಿಂದೆ ಕೂತು ಉಣ್ಣುತ್ತಾರೆ.

ತೊಂಬತ್ತೆಂಟರ ಬೇಸಿಗೆಯ ಆ ಭಾನುವಾರದ ಬಗ್ಗೆ ಅವರು ತಾವಾಗಿ ಮಾತೆತ್ತುವುದಿಲ್ಲ. ಕೇಳಿದರೆ ಕೈಯಲ್ಲಿನ ಹುರಿ ಸುತ್ತುತ್ತ ಸುತ್ತುತ್ತ ಹೇಳುತ್ತಾರೆ.

ಅಂದು ನಾಲ್ಕು ಊರಿನ ಕಪ್ಪಿನ ಕೊನೆಯ ಪಂದ್ಯ. ಹಿಂದಿನ ರಾತ್ರಿ ಅಕಾಲದ ಮಳೆ. ಎಳೆದಿಟ್ಟ ಗೆರೆ ಕೊಚ್ಚಿಹೋಗಿದೆ. ಜರಡಿ ಹಿಡಿದು ಚಪ್ಪರದಡಿ ಇಟ್ಟಿದ್ದ ಪುಡಿ ಮುದ್ದೆಯಾಗಿದೆ. ಚನ್ನರಾಯಪಟ್ಟಣದ ತಂಡ ಬಸ್ಸಿಳಿದು ಬಂದಾಗಿದೆ, ಜನ ಸೇರಿದ್ದಾರೆ. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಒಂದು ಮೂಟೆ ಬರುತ್ತದೆ. ಸುಣ್ಣದ ಕಲ್ಲು ಸುಡುವ ಗೂಡಿನಿಂದ ನೇರವಾಗಿ ತಂದ, ಪುಡಿ ಮಾಡಿದ ಸುಣ್ಣ. ಪುಟ್ಟತಾಯಮ್ಮ ಮೂಗಿನ ಹತ್ತಿರ ಹಿಡಿದು, ಇದು ಅರಳಿಲ್ಲ, ಬ್ಯಾಡ ಎನ್ನುತ್ತಾರೆ. ಸುಣ್ಣ ಅಂದ್ರೆ ಸುಣ್ಣ, ಎಳಿ, ಹೊತ್ತಾಯ್ತು ಎಂಬ ಉತ್ತರ ಬರುತ್ತದೆ. ಅವರು ಎಳೆಯುತ್ತಾರೆ. ದೂರಕ್ಕೂ ಕಾಣಲಿ, ಕೊನೆಯ ಗೆರೆ ದಪ್ಪಗಿರಲಿ ಎಂದೂ ಅದೇ ದನಿ ಹೇಳುತ್ತದೆ.

ಮೊದಲರ್ಧದಲ್ಲಿ ಹುಡುಗರು ಮೊಣಕಾಲು ಕೆರೆದುಕೊಳ್ಳುತ್ತಾರೆ. ಹಸಿ ಹುಲ್ಲಿನ ನವೆ ಎಂದುಕೊಳ್ಳುತ್ತಾರೆ. ಆಟ ಮುಗಿಯುವ ಹೊತ್ತಿಗೆ ನಂಜಪ್ಪನವರ ಮಗ ಸಂಜಯ್ ಚೆಂಡು ಎದೆಗವಚಿಕೊಂಡು ಓಡುತ್ತಾನೆ. ಇಬ್ಬರು ಕಾಲಿಗೆ ಬೀಳುತ್ತಾರೆ. ಬೆವರು ಸುರಿಯುವ ಮುಖವನ್ನೇ ಮುಂದೆ ಮಾಡಿ, ಗೆರೆಯ ಉದ್ದಕ್ಕೂ ಜಾರುತ್ತ ಚೆಂಡು ಊರುತ್ತಾನೆ. ಸೀಟಿ ಕೇಳುತ್ತದೆ. ಕಪ್ಪು ಸಾಲಗಾಮೆಗೆ. ಹುಡುಗ ಕೂಗುತ್ತಾನೆ. ಗೆದ್ದ ಸಂತೋಷಕ್ಕೆ ಕೂಗುತ್ತಿದ್ದಾನೆ ಎಂದು ಇಡೀ ಬಯಲು ಅವನ ಜೊತೆ ಕೂಗುತ್ತದೆ. ತಮಟೆ ಮೊಳಗುತ್ತದೆ. ಅವನು ಎರಡೂ ಕೈಯಲ್ಲಿ ಕಣ್ಣು ಉಜ್ಜುತ್ತ ಉರುಳಾಡುತ್ತಿದ್ದರೂ ಜನ ಕುಣಿಯುತ್ತಲೇ ಇದ್ದಾರೆ.

ಕುಣಿಯದೆ ನಿಂತವರು ಪುಟ್ಟತಾಯಮ್ಮ ಒಬ್ಬರೇ. ಕುಡಿಯುವ ನೀರಿನ ಬಿಂದಿಗೆ ಎತ್ತಿಕೊಂಡು ಓಡುತ್ತಾರೆ. ನೀರು ಹಾಕಬೇಡ, ಸುಣ್ಣ ಕುದಿಯುತ್ತೆ, ಹರಳೆಣ್ಣೆ ತನ್ನಿ ಎಂದು ಯಾರೋ ಅವರ ರಟ್ಟೆ ಹಿಡಿದು ಎಳೆಯುತ್ತಾರೆ. ಕೊಸರಿಕೊಂಡು ಸುರಿಯುತ್ತಾರೆ. ಬಿಂದಿಗೆ ಬರಿದಾದಾಗ ಎದುರಾಳಿ ತಂಡದ ಹುಡುಗರು ಬಾವಿಯಿಂದ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹಾಸನದ ಆಸ್ಪತ್ರೆಯವರೆಗೂ ಪುಟ್ಟತಾಯಮ್ಮ ಟೆಂಪೋದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಸುರಿಯುತ್ತಲೇ ಹೋಗುತ್ತಾರೆ. ಬಲಗಣ್ಣು ಹೋಯಿತು. ಎಡಗಣ್ಣು ಉಳಿಯಿತು. ಆ ನೀರೇ ಉಳಿಸಿತು ಎಂದರಂತೆ ವೈದ್ಯರು. ಪುಟ್ಟತಾಯಮ್ಮ ಅದನ್ನು ಒಪ್ಪುವುದಿಲ್ಲ. "ತಿಳುದು ಸುರಿದಿದ್ದಲ್ಲ ಕಣವ್ವ. ಎದ್ರಿಕೆಗೆ ಸುರಿದೆ. ನನ್ ಕೈಯಾಗೆ ಬ್ಯಾರೆ ಏನೂ ಇರ್ನಿಲ್ಲ."

ಇದಕ್ಕಿಂತ ಗಾಬರಿ ಹುಟ್ಟಿಸುವುದು ಆಮೇಲಿನ ಸಂಗತಿ. ಮೂಟೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಗೆರೆ ಎಳೆದ ಕೈ ಎಲ್ಲರ ಕಣ್ಣಿಗೂ ಕಂಡಿತ್ತು, ಅಷ್ಟು ಸಾಕಾಯಿತು. ಕೇಡು ಮಾಡುವ ವಸ್ತುವಿಗೆಲ್ಲ ಪುಟ್ಟತಾಯಿ ಸುಣ್ಣ ಎಂಬ ಮಾತು ಹುಟ್ಟಿತು. ಊಟಕ್ಕೆ ಕೂತ ಮಗುವಿಗೆ, ಸುಮ್ಮನೆ ಉಣ್ಣದಿದ್ದರೆ ಅವಳನ್ನು ಕರೆಯುತ್ತೇನೆ ಎಂದು ಹೆದರಿಸುವ ತಾಯಂದಿರೂ ಇದ್ದರು. ಮುಂದೆ ಬಂದ ಯುಗಾದಿಗೆ ಸಾಲಗಾಮೆಯ ಒಂದು ಮನೆಯವರೂ ಸುಣ್ಣಕ್ಕೆ ಅವರನ್ನು ಕರೆಯಲಿಲ್ಲ. ಊರಿಗೆ ಸೊಸೆಯಾಗಿ ಬಂದ ವರ್ಷದಿಂದ ಅವರೇ ಬಳಿಯುತ್ತಿದ್ದ ನಂಜಪ್ಪನವರ ಮನೆಗೆ ಪೇಟೆಯಿಂದ ಬಣ್ಣದವರು ಬಂದರು. ಕೈಗೆ ಕೆಲಸವಿಲ್ಲದೆ ಕೂತಿದ್ದ ಪುಟ್ಟತಾಯಮ್ಮನ ಗುಡಿಸಲಿಗೆ ಒಂದು ಬೆಳಿಗ್ಗೆ ಬಂದವರು ಲಕ್ಷ್ಮೀದೇವಮ್ಮ. ತಮ್ಮ ಮನೆಯ ಬೀದಿಗೋಡೆ ಕೊಳೆಯಾಗಿದೆ, ಬೇಗ ಬಾ ಎಂದರು. ಗೋಡೆಗೆ ಬಣ್ಣ ಹೊಡೆಸಿ ಎರಡು ತಿಂಗಳೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಡುಮಧ್ಯಾಹ್ನ, ಬೀದಿಯಲ್ಲಿ ಜನ ಓಡಾಡುವ ಹೊತ್ತಿಗೆ, ಏಣಿಯ ಮೇಲೆ ನಿಂತಿದ್ದ ಪುಟ್ಟತಾಯಮ್ಮನಿಗೆ ಆ ಹಿರಿಯ ಜೀವ ತಾವೇ ಹೊರಗೆ ಬಂದು ಕಾಫಿ ಲೋಟ ಎತ್ತಿ ಕೊಟ್ಟಿತು.

ಆಟ ಒಂದು ವರ್ಷ ನಿಂತಿತು. ನಂಜಪ್ಪನವರು ಮುಚ್ಚಿಸಿದ್ದ ಮೈದಾನವನ್ನು ಮತ್ತೆ ಬಿಡಿಸಿದ್ದು ಸಂಜಯ್. ಹುಡುಗರು ಆಡಲಿ ಎಂದು ಅಪ್ಪನ ಹತ್ತಿರ ಹಟ ಹಿಡಿದ. ತಾನು ಮಾತ್ರ ಬಯಲಿನ ಕಡೆ ಬರಲಿಲ್ಲ, ಹಾಸನದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟ. ಸಂಪತ್ಕುಮಾರ ಬೇಲೂರು ರಸ್ತೆಯ ಶಿಲ್ಪಿಗಳ ಶೆಡ್ಡಿನಲ್ಲಿ ಉಳಿಯ ಕೆಳಗೆ ಉದುರುವ ಬಳಪದ ಕಲ್ಲಿನ ಪುಡಿಗೆ ಗೊತ್ತುಮಾಡಿದರು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಗೆರೆ ಎಳೆಯಲು ಬೇರೆಯವರನ್ನು ನೋಡಿ ಎಂದು ಸುತ್ತಲಿನವರು ಹೇಳಿದಾಗ, ಅವಳಷ್ಟು ಹೆದರಿಕೊಂಡು ಗೆರೆ ಎಳೆಯುವವರು ಇನ್ನು ಯಾರೂ ಸಿಗುವುದಿಲ್ಲ ಎಂದರಂತೆ. ಅಂದಿನಿಂದ ಕೆನ್ನೆಗೆ ಆ ಚಿಟಿಕೆ. ಇದು ಸುಡುವ ಪುಡಿಯಲ್ಲ ಎಂದು ಎಷ್ಟು ಜನ ಹೇಳಿದರೂ ಅವರ ಕೈ ಕೇಳುವುದಿಲ್ಲ. ಪುಡಿಯ ಮೂಟೆಯನ್ನು ಪ್ರತಿ ಸಲವೂ ನಂಜಪ್ಪನವರೇ ತಂದು ಇಳಿಸುತ್ತಾರೆ. ಏಳು ವರ್ಷದಲ್ಲಿ ಇಬ್ಬರೂ ಒಂದು ಮಾತಾಡಿದ್ದನ್ನು ಕಂಡವರಿಲ್ಲ.

ಇಂದಿನ ಪಂದ್ಯಕ್ಕೆ ಹೊಸ ಸುದ್ದಿಯೊಂದಿದೆ. ಸಂಜಯ್ ಬಾವುಟ ಹಿಡಿದು ಗೆರೆ ಕಾಯಲು ಒಪ್ಪಿದ್ದಾನೆ. ಬೈಕಿನಿಂದಿಳಿದು, ಕಪ್ಪು ಕನ್ನಡಕ ಸರಿಮಾಡಿಕೊಂಡು, ಗೆರೆಯ ಹತ್ತಿರ ಒಂದು ಗಳಿಗೆ ನಿಲ್ಲುತ್ತಾನೆ. ಪುಟ್ಟತಾಯಮ್ಮ ಡಬ್ಬ ಹಿಡಿದುಕೊಂಡೇ ಮರಗಟ್ಟಿ ನಿಂತಿದ್ದಾರೆ. ಗೆರೆ ಕಾಯೋಕೆ ಒಂದು ಕಣ್ಣು ಸಾಕೇನಲಾ ಎಂದು ಹೊಳೆನರಸೀಪುರದ ನಾಯಕ ರೇಗಿಸುತ್ತಾನೆ. ನೀನು ಗೆರೆ ದಾಟಿದ್ದು ಕಾಣಿಸೋಕೆ ಅದೂ ಬೇಕಿಲ್ಲ, ನಿನ್ನ ಉಸಿರೇ ಕೇಳಿಸುತ್ತೆ ಎಂದು ಸಂಜಯ್ ಹೇಳಿದಾಗ ಬಿಗಿದಿದ್ದ ಎಲ್ಲರ ಮುಖ ಸಡಿಲವಾಗುತ್ತದೆ. ಆಟ ನಡೆಯುತ್ತದೆ. ಗೆರೆಯ ಮೇಲೆ ಯಾರಾದರೂ ಬಿದ್ದಾಗಲೆಲ್ಲ ಪುಟ್ಟತಾಯಮ್ಮನ ಕೈ ಪಕ್ಕದ ಬಿಂದಿಗೆಯ ಕಂಠಕ್ಕೆ ಹೋಗುತ್ತದೆ. ಬಿದ್ದವನು ಎದ್ದ ಮೇಲಷ್ಟೇ ಕೈ ಹಿಂದಕ್ಕೆ ಬರುತ್ತದೆ.

ಪಂಕ್ತಿ ಕೂರುತ್ತದೆ. ಹುಡುಗರು ಮುದ್ದೆ ಹಿಡಿದು ತಮ್ಮ ತಮ್ಮ ಎದುರಾಳಿಗಳನ್ನು ಹುಡುಕುತ್ತಿರುವಾಗ ನಂಜಪ್ಪನವರು ಒಲೆಯ ಹಿಂದೆ ಹೋಗುತ್ತಾರೆ. ಪುಟ್ಟತಾಯಮ್ಮನ ಎಲೆಯನ್ನು ತಾವೇ ಎತ್ತಿ ತಂದು ಪಂಕ್ತಿಯ ನಡುವೆ ಹಾಸಿ, ಕೂತ್ಕೊ ಎನ್ನುತ್ತಾರೆ. ಅವರು ಕೂರುತ್ತಾರೆ. ನಂಜಪ್ಪನವರು ಬಾಗಿ ಎಲೆಗೆ ಒಂದು ಮುದ್ದೆ ಇಡುತ್ತಾರೆ.

ಯಾರೋ ನಕ್ಕು ಕೇಳುತ್ತಾರೆ. "ಗೌಡ್ರೇ, ಪುಟ್ಟತಾಯಮ್ಮನ್ನ ನೀವ್ಯಾವಾಗ ಕೆಡವಿದ್ರಿ?"

"ಏಳು ವರ್ಸದ ಇಂದೆ," ಎನ್ನುತ್ತಾರೆ ನಂಜಪ್ಪ. "ಗೂಡಿಗೆ ಓಗಿ ಆ ಮೂಟೆ ತಂದೋನು ನಾನು. ಬ್ಯಾಡ ಅಂದ್ಳು. ಎಳಿ ಅಂದೋನೂ ನಾನೇ."

ಮುರಿದ ಮುದ್ದೆ ಬೆರಳಲ್ಲೇ ಉಳಿಯುತ್ತದೆ. ಸಂಪತ್ಕುಮಾರ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಾರೆ, ಸಾರು ನೆಲಕ್ಕೆ ಸುರಿಯುತ್ತಿರುವುದು ಅವರಿಗೆ ತಿಳಿಯುತ್ತಿಲ್ಲ. ಎಲ್ಲರ ನೋಟವೂ ಸಂಜಯ್ ಕಡೆ ತಿರುಗುತ್ತದೆ. ಅವನು ಬಾವುಟ ಕೆಳಗಿಟ್ಟು ಏಳುತ್ತಾನೆ. ಕೊಪ್ಪರಿಗೆಯ ಹತ್ತಿರ ಹೋಗಿ ಇನ್ನೊಂದು ಮುದ್ದೆ ತರುತ್ತಾನೆ. ಅಪ್ಪನ ಮುದ್ದೆಯ ಪಕ್ಕದಲ್ಲಿ ಅದನ್ನಿಡುತ್ತಾನೆ.

"ನಂಗೊತ್ತಿತ್ತು ಕಣಪ್ಪ. ಟ್ರ್ಯಾಕ್ಟರಿಂದ ಮೂಟೆ ಇಳಿಸಿದ್ದು ನಾನೇ ಅಲ್ವಾ," ಎನ್ನುತ್ತಾನೆ. "ಆಸ್ಪತ್ರೇಲಿ ನೀನು ಅನ್ನ ನೀರು ಬಿಟ್ಟು ಕೂತಿದ್ದೆ. ಹೇಳಿದ್ರೆ ನೀನು ಉಳಿಯಲ್ಲ ಅನ್ನಿಸ್ತು. ಈ ಅಮ್ಮನ್ನ ಯಾರು ಉಳಿಸ್ತಾರೆ ಅಂತ ಯೋಚನೇನೇ ಬರಲಿಲ್ಲ."

ಒಬ್ಬ ಅಪ್ಪ ಮಗನಿಗೆ ಹೆದರಿ ಸುಮ್ಮನಿದ್ದ. ಮಗ ಅಪ್ಪನ ಮೇಲಿನ ಕಕ್ಕುಲಾತಿಗೆ ಸುಮ್ಮನಿದ್ದ. ಇಬ್ಬರ ಮೌನದ ಭಾರವನ್ನೂ ಹೊತ್ತವರು ಏಣಿ ಹತ್ತಿ ಹೊಟ್ಟೆ ಹೊರೆಯುವ ಒಬ್ಬ ಹೆಂಗಸು. ಇಷ್ಟು ವರ್ಷ ಬಾಯಿ ಬಿಡಲಿಲ್ಲವೇಕೆ ಎಂದರೆ ಪುಟ್ಟತಾಯಮ್ಮ ಎಲೆಯನ್ನೇ ನೋಡುತ್ತಾರೆ. "ಮಗನ ಕಣ್ಣೇ ಓಗಿತ್ತು. ಅದ್ರ ಮ್ಯಾಲೆ ನಾನೂ ಒಂದು ಮಾತು ಯಾಕೆ ಎಸೀಲಿ? ಅಲ್ದೆ, ಎಳೆದಿದ್ದು ನನ್ ಕೈ ತಾನೆ."

ಎರಡು ಮುದ್ದೆ ಉಣ್ಣಲು ಅವರಿಂದಾಗುವುದಿಲ್ಲ. ಒಂದನ್ನು ಮುರಿದು ಅರ್ಧವನ್ನು ಸಂಜಯ್‌ನ ಎಲೆಗೆ ಹಾಕುತ್ತಾರೆ. ಏನಾದರೂ ಕೇಳು ಎಂದು ನಂಜಪ್ಪನವರು ಮತ್ತೆ ಮತ್ತೆ ಹೇಳಿದ ಮೇಲೆ, ಆ ಮನೆಯ ಗೋಡೆ ಇನ್ನೊಂದು ಸಲ ಬಳಿಯುವ ಆಸೆಯಿದೆ ಎನ್ನುತ್ತಾರೆ. ಪೇಟೆಯ ಬಣ್ಣ ಮೂಲೆಯಲ್ಲಿ ಎದ್ದಿರುವುದನ್ನು ಬೀದಿಯಿಂದಲೇ ನೋಡಿದ್ದಾರಂತೆ. ನಾಳೆಯೇ ಬಾ, ಸುಣ್ಣ ತರಿಸುತ್ತೇನೆ, ಯುಗಾದಿ ಹತ್ತಿರ ಬಂತು ಎಂದು ನಂಜಪ್ಪನವರು ಏಳಲು ಹೋಗುತ್ತಾರೆ.

ಪುಟ್ಟತಾಯಮ್ಮ ಅವರ ಪಂಚೆಯ ಚುಂಗು ಹಿಡಿದು ಕೂರಿಸುತ್ತಾರೆ. ಕೆನ್ನೆಯ ಮೇಲೆ ಬೆಳಗಿನ ಪುಡಿ ಒಣಗಿ ಬೆಳ್ಳಗೆ ಉಳಿದಿದೆ.

"ಬತ್ತೀನಿ ಗೌಡ್ರೇ. ಸುಣ್ಣ ಮಾತ್ರ ನಾನೇ ಅರಳುಸ್ತೀನಿ. ಈ ಸಲ ಅವಸರ ಮಾಡ್ಬ್ಯಾಡಿ."