ಹಾಡುವವರಿಲ್ಲದ ಕಚೇರಿ

ನೆನಪಿನ ವಿಷಯದಲ್ಲಿ ನನ್ನನ್ನು ಪೂರ್ತಿ ನಂಬಬೇಡಿ. ಇಸವಿ 2004 ಇರಬೇಕು, ಅಥವಾ ಅದರ ಮರುವರ್ಷ. ಯಾರು ಎಲ್ಲಿ ಕೂತಿದ್ದರು ಎನ್ನುವುದರಲ್ಲೂ ತಕರಾರಿದೆ. ಇವತ್ತು ಬೆಳಿಗ್ಗೆ ಮೇಲಿನ ಮನೆಯ ಹುಡುಗಿ ಮೆಟ್ಟಿಲ ಮೇಲೆ ಕೂತು ವಯೊಲಿನ್ ಕಮಾನಿಗೆ ರಾಳ ತಿಕ್ಕುತ್ತಿದ್ದಳು. ಆ ವಾಸನೆ ಬಂದದ್ದೇ ತಡ, ಚಂದ್ರಾ ಲೇಔಟಿನ ಅತ್ತೆ ಮನೆಯ ಹಾಲ್ ಕಣ್ಣಮುಂದೆ ಬಂತು. ಅಲ್ಲಿ ರಾಳದ ಜೊತೆ ಅಡುಗೆಮನೆಯ ಇಂಗಿನ ಒಗ್ಗರಣೆಯೂ ಬೆರೆತಿರುತ್ತಿತ್ತು.

ಅತ್ತೆಯ ಮಗಳು ಸುಮಕ್ಕನೂ ನಾನೂ ಚಿಕ್ಕಂದಿನಿಂದ ವಯೊಲಿನ್ ಕಲಿತವರು. ರಾಜಾಜಿನಗರದ ರಾಮನವಮಿ ಪೆಂಡಾಲುಗಳಲ್ಲಿ ಹಾಡುವವರ ಪಕ್ಕ ಕೂತು ನುಡಿಸುತ್ತಿದ್ದೆವು. ಅವರು ಹೋದಲ್ಲಿಗೆ ಹೋಗುವುದು, ನಿಂತಲ್ಲಿ ನಿಲ್ಲುವುದು, ಇಷ್ಟೇ ನಮ್ಮ ಧರ್ಮ. ಬಿ.ಕಾಂ. ಮುಗಿಯುವ ಹೊತ್ತಿಗೆ ಸುಮಕ್ಕನಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಹಿಡಿಯಿತು. ಬಸವೇಶ್ವರನಗರದ ಒಬ್ಬ ಮೇಷ್ಟ್ರ ಹತ್ತಿರ ಸೇರಿದಳು, ನನ್ನನ್ನೂ ಎಳೆದುಕೊಂಡು ಹೋದಳು. ಮೂರನೆಯವನು ನಾಯಂಡಹಳ್ಳಿಯ ಗಿರೀಶ. ಅವನೂ ಪಕ್ಕವಾದ್ಯದವನೇ, ಈಗ ಚೆಲ್ಲೊ, ಅಂದರೆ ಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಭಾರೀ ಗಾತ್ರದ ವಯೊಲಿನ್ ಹಿಡಿದಿದ್ದ. ಬಸ್ಸಿನಲ್ಲಿ ಯಾರೋ ಆ ಚೀಲ ನೋಡಿ, "ಗಣಪತೀನಾ ಸಾರ್?" ಎಂದು ಕೇಳಿದ್ದರಂತೆ. "ಹೂಂ ಅಂದ್ಬಿಟ್ಟೆ ಗುರು, ತಕ್ಷಣ ಸೀಟ್ ಬಿಟ್ಕೊಟ್ರು!" ಎಂದು ಬೀಗುತ್ತಿದ್ದ.

ನಮ್ಮ ಮೂವರದ್ದು ಒಂದೇ ರೋಗ. ಯಾರೂ ಶುರು ಮಾಡುತ್ತಿರಲಿಲ್ಲ. ಕಮಾನು ತಂತಿಯ ಮೇಲಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಹೇಗೋ ಶುರುವಾದರೂ ಪ್ರತಿಯೊಬ್ಬರೂ ಉಳಿದಿಬ್ಬರಿಗಾಗಿ ಕಾಯುವುದರಿಂದ ಕುಣಿತಕ್ಕೆಂದು ಬರೆದ ಸಂಗೀತ ಶವಯಾತ್ರೆಯಷ್ಟು ನಿಧಾನವಾಗುತ್ತಿತ್ತು. ಮೇಷ್ಟ್ರು ತಲೆ ಚಚ್ಚಿಕೊಂಡು, "ಮೂರು ಜನಾನೂ ಪಕ್ಕವಾದ್ಯ! ಹಾಡೋರು ಎಲ್ಲಮ್ಮಾ?" ಅಂದರು. ಸುಮಕ್ಕ ಮೊದಲ ವಯೊಲಿನ್. ಆ ಪದ್ಧತಿಯಲ್ಲಿ ಉಸಿರೇ ಸನ್ನೆ, ಅವಳು ಜೋರಾಗಿ ಉಸಿರೆಳೆದು ನಮ್ಮನ್ನು ಹೊರಡಿಸಬೇಕಿತ್ತು. ಅವಳಿಗೆ ನಾಚಿಕೆ. "ಹಂಗೆಲ್ಲ ಬುಸ್ ಅನ್ನಕ್ಕಾಗಲ್ಲ ಕಣೇ" ಎನ್ನುತ್ತಿದ್ದಳು. ಮೇಷ್ಟ್ರ ಮಾತನ್ನು ಅವತ್ತು ಊಟದ ಹೊತ್ತಿಗೆ ನಗುತ್ತಾ ಮನೆಯಲ್ಲಿ ಹೇಳಿದಳು. ಮಾವ, ಅಂದರೆ ಅವಳ ಅಪ್ಪ, ನಗಲಿಲ್ಲ.

ಮಾವ ಕಚೇರಿಗಳ ಹುಳು. ಹಾಡುವವರೇ ಇಲ್ಲದ ಸಂಗೀತ ಅವರಿಗೆ ಬೇಳೆಯಿಲ್ಲದ ಸಾರು. "ಭಾನುವಾರ ಇಲ್ಲೇ ನುಡಿಸಿ, ಕೇಳ್ತೀನಿ. ಸರಿ ಹೋಗ್ಲಿಲ್ವೋ, ಸೋಮವಾರದಿಂದ ಬ್ಯಾಂಕ್ ಪರೀಕ್ಷೆ ಕೋಚಿಂಗು. ಇದಕ್ಕೆ ಮಂಗಳ ಹಾಡೋದು" ಎಂದರು. ಸುಮಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಅಕ್ಕಪಕ್ಕದವರೂ ಬಂದು ಹಾಲ್ ತುಂಬಿತು. ಮೂವರೂ ಕೂತೆವು, ಕಮಾನು ಎತ್ತಿದೆವು, ಮುಖ ಮುಖ ನೋಡಿಕೊಂಡೆವು. ಗಿರೀಶ ತುಟಿ ಅಲ್ಲಾಡಿಸದೆ, "ಬುಸ್ ಅನ್ನಿ ಅಕ್ಕಾ" ಅಂದ. ಸುಮಕ್ಕ ಅದರ ಬದಲು ತಂತಿ ಮೀಟಿ ನೋಡಿದಳು. ಹಿಂದಿನಿಂದ ಯಾರೋ, "ಇನ್ನೂ ಶ್ರುತಿ ಮಾಡ್ತಾವ್ರಾ?" ಅಂದರು.

ಆಗ ಎದುರಿನಲ್ಲಿ ಮಾವನ ಕೈ ತೊಡೆಯ ಮೇಲೆ ಬಿತ್ತು. ಎರಡು ಪೆಟ್ಟು, ಒಂದು ಬೀಸು. ಅಚ್ಚ ರೂಪಕ ತಾಳ. ನಮ್ಮದೂ ಮೂರರ ಎಣಿಕೆಯೇ. ಮರುಸುತ್ತಿಗೆ ಮೂವರೂ ಒಟ್ಟಿಗೆ ಹೊರಟೆವು. ಯೂರೋಪಿನ ಕುಣಿತವನ್ನು ಚಂದ್ರಾ ಲೇಔಟಿನ ಒಂದು ತೊಡೆಯ ಹಿಂದೆ ಕೊನೆಯವರೆಗೂ ಬಿಡದೆ ನುಡಿಸಿದೆವು. ಹಾಡುವವರು ಸಿಕ್ಕಿದ್ದರು! ಮುಗಿದಾಗ ಮಾವ ಕೈಯೊರೆಸಿಕೊಂಡು, "ಪರವಾಗಿಲ್ಲ. ಕೋಚಿಂಗ್ ಮುಂದಿನ ವರ್ಷ ನೋಡೋಣ" ಎಂದರು. ಆ ಮುಂದಿನ ವರ್ಷ ಬರಲೇ ಇಲ್ಲ. ಬಂದದ್ದು ಕಲ್ಯಾಣ ಮಂಟಪದ ರಿಸೆಪ್ಷನ್ನುಗಳು. ಜನ ಊಟದ ಸಾಲಿನತ್ತ ನೋಡುತ್ತಿದ್ದರು, ನಾವು ಒಬ್ಬರನ್ನೊಬ್ಬರು ನೋಡುವುದನ್ನು ಕಲಿಯುತ್ತಿದ್ದೆವು. ನಾನು ಆಮೇಲೆ ಬಿಟ್ಟೆ. ಸುಮಕ್ಕ ಬಿಡಲಿಲ್ಲ. ಈಗ ಅವಳು ವೇದಿಕೆಯಲ್ಲಿ ಉಸಿರೆಳೆದರೆ ಕೊನೆಯ ಸಾಲಿನವರು ನೆಗಡಿಯೇನೋ ಅಂದುಕೊಳ್ಳುತ್ತಾರೆ.

ಇದನ್ನು ನಾನು ಇಷ್ಟು ವರ್ಷವೂ ಮಾವನನ್ನು ಗೆದ್ದ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೆ. ತಾಳ ಹಾಕುವುದು ಅವರ ಚಟ, ನಮಗೆ ಅದೃಷ್ಟ ಎಂದುಕೊಂಡಿದ್ದೆ. ಇವತ್ತು ಸುಮಕ್ಕನಿಗೆ ಫೋನ್ ಮಾಡಿದಾಗ ಅವಳು ಬೇರೆಯೇ ಹೇಳಿದಳು. "ಅಪ್ಪ ಮೊದ್ಲು ಹಿಂದೆ ಕೂತಿದ್ರು ಕಣೇ. ನಾವು ಸಿಕ್ಕಾಕೊಂಡ್ಮೇಲೆ ಕುರ್ಚಿ ಎಳ್ಕೊಂಡು ಮುಂದೆ ಬಂದ್ರು." ಕುರ್ಚಿ ಎಳೆದದ್ದು ನನಗೆ ನೆನಪಿಲ್ಲ. ಮರೆತದ್ದು ನಾನೋ, ಸೇರಿಸಿದ್ದು ಅವಳೋ?

ಮಧ್ಯಾಹ್ನ ಅತ್ತೆ ಮನೆಗೇ ಹೋದೆ. ಮಾವ ಅವರೆಕಾಳು ಹಿತುಕುತ್ತಿದ್ದರು.

"ಮಾವ, ಅವತ್ತು ನೀವು ತಾಳ ಹಾಕಿದ್ದು ಅಭ್ಯಾಸ ಬಲದಿಂದ್ಲಾ, ಇಲ್ಲ ಬೇಕಂತಲೇನಾ?"

ಅವರು ಪಾತ್ರೆಯನ್ನು ನನ್ನ ಕಡೆ ತಳ್ಳಿ, "ಸುಮ್ನೆ ಕೂತಿದೀಯಲ್ಲ, ನೀನೂ ಒಂದು ಕೈ ಹಾಕು" ಅಂದರು.