ಹನ್ನೆರಡು ಕಾವಲು ಅಂಕಿ

ನಿನ್ನೆ ಮಧ್ಯಾಹ್ನ ಸೂರತ್ತಿನ ನನ್ನ ಗೋದಾಮಿನಿಂದ ಸೀರೆಯ ಗಂಟುಗಳು ಲಾರಿಗೆ ಏರುತ್ತಿದ್ದವು. ಒಂದು ಗಂಟಿನ ಚೀಟಿಗೆ ಹಮಾಲನ ಕೊಕ್ಕೆ ಸಿಕ್ಕಿ, ಊರು, ಅಂಗಡಿ ಎಲ್ಲವನ್ನೂ ಅಡಗಿಸಿಕೊಂಡ ಆ ಕಪ್ಪು-ಬಿಳಿ ಕ್ಯೂಆರ್ ಚೌಕದ ಅಂಚು ಹರಿದಿತ್ತು. ಉಳಿದದ್ದರ ಮೇಲೆ ಚಹಾದ ಕಲೆ. ಗೋದಾಮು ನೋಡಿಕೊಳ್ಳುವ ಧರ್ಮೇಶ ಯಂತ್ರ ಹಿಡಿದ. ಹಸಿರು ದೀಪ ಹತ್ತಿ ‘ಟಿಣ್’ ಎಂದಿತು. ಹುಬ್ಬಳ್ಳಿ ಎಂದು ಓದಿಯೇ ಬಿಟ್ಟಿತು.

ಆ ಸದ್ದು ಕೇಳಿದಾಗಲೆಲ್ಲ, ಹರಿದದ್ದು ಹೇಗೆ ಓದಿಸಿಕೊಳ್ಳುತ್ತದೆ ಎಂದು ಹೇಳಿಕೊಟ್ಟ ವನಮಾಲಾ ನೆನಪಾಗುತ್ತಾಳೆ. ಅವಳಿಗೆ ನಾನು ಕೊಟ್ಟ ಸಲಹೆ ಅದಕ್ಕಿಂತ ಮೊದಲು ನೆನಪಾಗುತ್ತದೆ.

ಗದಗಿನಿಂದ ಒಂದು ಟ್ರಂಕು ಹಿಡಿದು ಬಂದವನು ನಾನು. ಆಗ ವಡೋದರಾದ ಗೋರ್ವಾ ಬಡಾವಣೆಯಲ್ಲಿ ಬಾಡಿಗೆಗಿದ್ದುಕೊಂಡು, ಅಂಗಡಿಗಳಿಗೆ ತಿರುಗಿ ಸೀರೆಯ ಆರ್ಡರ್ ಹಿಡಿಯುತ್ತಿದ್ದೆ. ಮಾರುಕಟ್ಟೆ ಕಲಿಸಿದ ಮೊದಲ ಪಾಠವನ್ನು ನಿಮಗೂ ಪುಕ್ಕಟೆ ಹೇಳುತ್ತೇನೆ: ಗಿರಾಕಿ ಏನೇ ಕೇಳಲಿ, ‘ಖಬರ್ ನಥಿ’ ಎನ್ನಬಾರದು. ಗುಜರಾತಿಯಲ್ಲಿ ಗೊತ್ತಿಲ್ಲ ಎನ್ನುವುದು ಹಾಗೆ. ಗೊತ್ತಿಲ್ಲ ಎಂದವನ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಮಂಡಿನೋವಿನ ಮದ್ದಿನಿಂದ ಹಿಡಿದು ನೀರೆತ್ತುವ ಪಂಪಿನವರೆಗೆ ಇಡೀ ಗಲ್ಲಿಗೆ ನಾನೇ ಸಲಹೆಗಾರನಾಗಿದ್ದೆ. ಮದ್ದು ತಗೊಂಡವರು ಆಮೇಲೆ ಏನಾದರು ಎಂದು ವಿಚಾರಿಸಿದವನಲ್ಲ.

ಮಹಡಿಯ ಮನೆಯಲ್ಲಿ ವನಮಾಲಾ ಇದ್ದಳು. ಮೈಸೂರಿನ ಕಡೆಯ ಹುಡುಗಿ, ರೇಡಿಯೋ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಮೀನುಗಾರರ ದೋಣಿ ಅಪಾಯಕ್ಕೆ ಸಿಕ್ಕಿದರೆ ಎಲ್ಲಿದ್ದೇವೆ ಎಂದು ದಡಕ್ಕೆ ತಿಳಿಸುವ ಪೆಟ್ಟಿಗೆ ಅದು, ಕಳಿಸಲು ದೋಣಿಯಲ್ಲೊಂದು, ಓದಲು ದಡದಲ್ಲೊಂದು. ಸಂದೇಶವೆಂದರೆ ಸೊನ್ನೆ ಮತ್ತು ಒಂದುಗಳ ಸಾಲು, ಗಾಳಿಯಲ್ಲಿ ಹೋಗುವಾಗ ಕೆಲವು ಅದಲುಬದಲಾಗುತ್ತವೆ ಎಂದಳು. ಅದಕ್ಕೇ ಅರವತ್ತು ಅಂಕಿಯ ಸಂದೇಶಕ್ಕೆ ನಲವತ್ತೆಂಟು ಕಾವಲು ಅಂಕಿ ಕಟ್ಟಿ ಕಳಿಸುತ್ತಿದ್ದಳು. ಅರವತ್ತಕ್ಕೆ ನಲವತ್ತೆಂಟೇ ಎಂದು ನಾನು ಹುಬ್ಬೇರಿಸಿದೆ.

ಅವಳು ನನ್ನ ಕೈಯಲ್ಲಿದ್ದ ಆರ್ಡರ್ ಹಾಳೆಯನ್ನೇ ತೆಗೆದುಕೊಂಡಳು. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಡಿಸೈನು, ಬಲಗಡೆ ಒಂದು ಮೊತ್ತ, ಕೆಳಗೆ ಒಂದು ಮೊತ್ತ. ಒಂದು ಅಂಕಿ ತಪ್ಪಿದರೆ ಅಡ್ಡ ಮೊತ್ತವೂ ಉದ್ದ ಮೊತ್ತವೂ ಹೊಂದುವುದಿಲ್ಲ. ಅವೆರಡೂ ಕೂಡುವ ಮನೆಯಲ್ಲೇ ತಪ್ಪು ಕೂತಿರುತ್ತದೆ. ಕಳಿಸಿದವನನ್ನು ಮತ್ತೆ ಕೇಳದೆಯೇ ತಿದ್ದಬಹುದು, ಕಾವಲು ಅಂಕಿಗಳೂ ಈ ಮೊತ್ತಗಳಂತೆಯೇ ಎಂದಳು. ಹತ್ತು ವರ್ಷದಿಂದ ಈ ವಿದ್ಯೆಯನ್ನು ನಾನೇ ನಡೆಸುತ್ತಿದ್ದೆನಂತೆ! ಅಂದು ನಾನು ಸ್ವಲ್ಪ ಉಬ್ಬಿಹೋದೆ.

ಒಂದು ಸಂಜೆ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಬ್ಯಾಟರಿ ಬೇಗ ಮುಗಿಯುತ್ತದೆ, ಕಾವಲು ಮೂವತ್ತಕ್ಕೆ ಇಳಿಸು ಎಂದು ಸಾಹೇಬರು ಹೇಳಿದ್ದರಂತೆ. ಏನು ಮಾಡಲಿ ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

“ಒಪ್ಕೊ ತಂಗಿ. ಎಲ್ಲಾ ಮಾಲಿಗೂ ಒಂದೀಟು ಹೆಚ್ಚಿಗೀನೇ ಹೇಳಿರ್ತೀವಿ. ಮೂವತ್ತಕ್ಕ ಏನೂ ಆಗಂಗಿಲ್ಲ.”

ಒಪ್ಪಿದಳು. ಎರಡು ವಾರದ ಮೇಲೆ ಸಮುದ್ರದಲ್ಲಿ ಪರೀಕ್ಷೆ. ದೋಣಿ ಕೊಟ್ಟವನು ಕಾನಜಿಭಾಯ್ ಎಂಬ ತಾಂಡೇಲ, ಅಂದರೆ ದೋಣಿಯ ಯಜಮಾನ. ಪೆಟ್ಟಿಗೆ ಮೊದಲು ಕೂರಬೇಕಾದದ್ದೂ ಅವನ ದೋಣಿಯಲ್ಲೇ. ಅಂದು ವನಮಾಲಾ ಮಹಡಿಗೆ ಹೋಗದೆ ನಮ್ಮ ಕಟ್ಟೆಯ ಮೇಲೆ ಕೂತುಬಿಟ್ಟಳು.

“ಅಣ್ಣ, ದೋಣಿ ನಿಂತಿದ್ದು ಒಂದು ಕಡೆ, ದಡದ ಪೆಟ್ಟಿಗೆ ತೋರಿಸಿದ್ದು ಇನ್ನೊಂದು ಕಡೆ. ಅದೂ ಹಸಿರು ದೀಪ ಹಚ್ಕೊಂಡು.”

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ತಪ್ಪುಗಳು ಕಾವಲಿನ ಕೈಮೀರಿದಾಗ ಪೆಟ್ಟಿಗೆ ಸುಮ್ಮನಿರಲಿಲ್ಲ. ಕೆಟ್ಟ ಸಂದೇಶವನ್ನು ಅದಕ್ಕೆ ಹೋಲುವ ಬೇರೆ ಯಾವುದೋ ಸಂದೇಶಕ್ಕೆ ತಿದ್ದಿ, ಇದೇ ಸರಿ ಎಂದುಬಿಟ್ಟಿತ್ತು. ದೋಣಿ ಮುಳುಗುತ್ತಿದ್ದರೆ ಹುಡುಕುವವರು ಖಾಲಿ ನೀರಿಗೆ ಹೋಗುತ್ತಿದ್ದರು. ಗೊತ್ತಿಲ್ಲದೆಯೂ ಗೊತ್ತು ಎನ್ನುವ ಪೆಟ್ಟಿಗೆ! ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂವತ್ತರ ಮೇಲೆ ಇನ್ನು ಹನ್ನೆರಡು ಅಂಕಿ ಸಿಕ್ಕರೆ ಸಾಕು ಎಂದಳು. ನನ್ನ ತಪ್ಪು ಮುಚ್ಚಿಕೊಳ್ಳಲು ನಾನು ಇನ್ನೊಂದು ಸಲಹೆ ಕೊಟ್ಟೆ. ಹನ್ನೆರಡು ಬೇಕಿದ್ದರೆ ಇಪ್ಪತ್ತನಾಲ್ಕು ಕೇಳು, ಅವರು ಎಳೆದಾಡಿ ಹನ್ನೆರಡಕ್ಕೆ ಬರುತ್ತಾರೆ ಎಂದೆ.

“ಬೇಡ ಅಣ್ಣ,” ಎಂದಳು. “ಎಷ್ಟು ಬೇಕೋ ಅಷ್ಟೇ ಕೇಳ್ತೀನಿ. ಇಲ್ಲಾಂದ್ರೆ ನಾಳೆ ನನ್ನ ಯಾವ ಲೆಕ್ಕಾನೂ ಅವರು ನಂಬಲ್ಲ.”

ನನ್ನ ಅಷ್ಟೂ ವರ್ಷದ ವ್ಯಾಪಾರವನ್ನು ಅವಳು ಹೀಗೆ ಒಂದೇ ಮಾತಿನಲ್ಲಿ ಮಡಚಿಟ್ಟಳು. ಕೇಳಿದ್ದು ಹನ್ನೆರಡೇ. ಅವು ತಿದ್ದುವುದಕ್ಕಲ್ಲ, ತಿದ್ದಿದ್ದು ನಿಜವಾಗಿ ಸರಿಯೇ ಎಂದು ನೋಡುವುದಕ್ಕೆ. ಹೊಂದದಿದ್ದರೆ ಕೆಂಪು ದೀಪ, ಮತ್ತೆ ಕಳಿಸು ಎಂಬ ಕೋರಿಕೆ. ಮೊದಲ ಪರೀಕ್ಷೆ ತಪ್ಪಿದ ದಾಖಲೆಯನ್ನು ಸಾಹೇಬರ ಮುಂದಿಟ್ಟಳು. ಅವರು ಗೊಣಗಿ ಒಪ್ಪಿದರು, ಈ ಸಲವೂ ಕೆಟ್ಟರೆ ಕೆಲಸವೇ ಅವಳ ಕೈಯಲ್ಲಿರುವುದಿಲ್ಲ ಎಂದೂ ಸೇರಿಸಿದರು.

ಎರಡನೇ ಪರೀಕ್ಷೆಯ ದಿನ ಗಾಳಿ ಜೋರಿತ್ತು. ನಾನು ಅಂಗಡಿಗಳ ಕಡೆ ತಿರುಗಲು ಹೋಗಲಿಲ್ಲ. ಬೆಳಿಗ್ಗೆ ಒರೆಸಿದ್ದ ಸ್ಕೂಟರನ್ನು ಸಂಜೆಗೆ ಮತ್ತೆ ಒರೆಸಿದೆ. ಒರೆಸಲು ಏನೂ ಉಳಿಯದಿದ್ದಾಗ ಮೆಟ್ಟಿಲ ಮೇಲೆ ಕೂತೆ. ಕಾನಜಿಭಾಯಿಯ ಮುಖವನ್ನು ನಾನು ಕಂಡವನಲ್ಲ. ಆದರೂ ಅವನು ನೀರಿನಲ್ಲಿ ಕೈ ಬೀಸುವುದು, ಎಲ್ಲರೂ ಬೇರೆ ಕಡೆ ನೋಡುವುದು ಕಣ್ಣ ಮುಂದೆ ಬರುತ್ತಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ವನಮಾಲಾ ಬಂದಳು.

“ಎರಡು ಸಲ ಕೆಂಪು ದೀಪ ಅಣ್ಣ. ತಿಳೀಲಿಲ್ಲ, ಮತ್ತೆ ಕಳಿಸು ಅಂತು.”

“ಹಂಗಾರ ಕೆಟ್ತು?”

“ಕೆಟ್ಟಿದ್ದಲ್ಲ, ಗೆದ್ದಿದ್ದು. ಮೂರನೇ ಸಲ ದೋಣಿ ಎಲ್ಲಿತ್ತೋ ಅಲ್ಲೇ ತೋರಿಸ್ತು.” ಬಹಳ ದಿನಗಳ ಮೇಲೆ ನಕ್ಕಳು.

ಮುಂದೆ ಅವಳು ಅಹಮದಾಬಾದಿಗೆ ಹೋದಳು, ನಾನು ಸೂರತ್ತಿಗೆ. ಸಲಹೆ ಕೊಡುವುದನ್ನು ಬಿಟ್ಟೆನೆಂದು ತಿಳಿಯಬೇಡಿ, ಈಗಲೂ ಕೊಡುತ್ತಿದ್ದೇನಲ್ಲ.

ನಿನ್ನೆ ಆ ಹಸಿರು ‘ಟಿಣ್’ ಆದ ಮೇಲೆ ಇನ್ನೊಂದು ಗಂಟು ಬಂತು. ಅದರ ಚೌಕವೆಲ್ಲ ಗ್ರೀಸು. ಯಂತ್ರ ಕೆಂಪಾಯಿತು, ಮತ್ತೆ ಹಿಡಿದರೂ ಕೆಂಪು. ಮದುವೆಯ ಮಾಲು, ಲಾರಿಯವನು ಹಾರ್ನ್ ಒತ್ತುತ್ತಿದ್ದ.

“ಹುಬ್ಳಿ ಜ ಹಶೆ, ಶೇಠ್,” ಎಂದ ಧರ್ಮೇಶ, ಹುಬ್ಬಳ್ಳಿಯದೇ ಇರಬೇಕು ಎಂದು.

ನನ್ನ ನಾಲಿಗೆಯ ತುದಿಯಲ್ಲಿ ಹೌದು ಎಂಬುದು ಸಿದ್ಧವಾಗಿತ್ತು.

“ಖಬರ್ ನಥಿ,” ಎಂದೆ.

ಜ್ವರ ಬಂದವನನ್ನು ನೋಡುವಂತೆ ಅವನು ನನ್ನನ್ನು ನೋಡಿದ. ಗಂಟು ಬಿಚ್ಚಿಸಿ ಒಳಗಿನ ಚೀಟಿ ತೆಗೆಸಿದೆ. ಹುಬ್ಬಳ್ಳಿ ಅಂತಲೇ ಇತ್ತು. ಧರ್ಮೇಶ ಗಂಟನ್ನು ಮತ್ತೆ ಹೊಲಿಯತೊಡಗಿದ. ನಾನೂ ಒಂದು ದಬ್ಬಳ ಹಿಡಿದು ಅವನ ಎದುರು ಕೂತೆ.