ಸುಳಿ ನೋಡುವ ಹುಚ್ಚಣ್ಣ

ನನ್ನ ಅಣ್ಣ ಹುಚ್ಚಣ್ಣನಿಗೆ ಅರವತ್ತೆಂಟು ವರ್ಷ. ಹೊನ್ನವಳ್ಳಿ ಸುತ್ತಮುತ್ತ ಯಾರ ತೋಟದಲ್ಲಿ ತೆಂಗು ಸೊರಗಿದರೂ ಅವನಿಗೆ ಕರೆ ಹೋಗುತ್ತದೆ. ಮಹಾಶಯ ಬೈಕಿನಿಂದ ಇಳಿಯುವುದೂ ಇಲ್ಲ. ಕತ್ತೆತ್ತಿ ಮರದ ನೆತ್ತಿ ನೋಡುತ್ತಾನೆ, "ಸುಳಿ ಹೋಯ್ತು, ಮರ ಹೋಯ್ತು, ಕಡ್ಸಿ ಬುಡು" ಎನ್ನುತ್ತಾನೆ, ಕೂತಲ್ಲೇ ಕಾಫಿ ಕುಡಿದು ಹೊರಡುತ್ತಾನೆ. ತೆಂಗಿನ ಮಟ್ಟಿಗೆ ಮಾತು ನಿಜ. ಅದಕ್ಕಿರುವುದು ನೆತ್ತಿಯಲ್ಲಿ ಚಿಗುರುವ ಒಂದೇ ಸುಳಿ, ಕೊಳೆತರೆ ಇನ್ನೊಂದು ಬರುವುದಿಲ್ಲ. ಆದರೆ ಇಷ್ಟೇ ಬಂಡವಾಳದಲ್ಲಿ ಐವತ್ತು ವರ್ಷ ಪಂಡಿತನಾಗಿ ಮೆರೆದವನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಗ್ಗಿ ಒಂದು ಬುಡ ಮುಟ್ಟಿದವನಲ್ಲ.

ಅತ್ತಿಗೆ ಚಿಕ್ಕಗೌರಮ್ಮ ಒಗೆಯುವ ಕಲ್ಲಿನ ಪಕ್ಕ ತವರಿನಿಂದ ತಂದ ಸೀಬೆ ಗಿಡ ನೆಟ್ಟಿದ್ದರು. ಅಷ್ಟು ದೊಡ್ಡ ತೋಟದಲ್ಲಿ ಅವರದು ಅಂತ ಇದ್ದದ್ದು ಅದೊಂದೇ. ಆಳೆತ್ತರ ಬೆಳೆದು, ಹೋದ ವರ್ಷ ಮೊದಲ ಸಲ ಏಳು ಹಣ್ಣು ಬಿಟ್ಟಿತ್ತು. ಈ ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ತೋಟದಲ್ಲಿ ಕುರಿಮಂದೆ ನಿಲ್ಲಿಸಿದಾಗ, ಮಂದೆಯ ಜೊತೆಗಿದ್ದ ಮೇಕೆಗಳು ಅದರಲ್ಲಿ ಒಂದೆಲೆಯನ್ನೂ ಉಳಿಸಲಿಲ್ಲ. ಎಳೆ ತುದಿಗಳೂ ಹೋದವು.

ಅಣ್ಣ ಬಂದು ಕತ್ತೆತ್ತಿದ. "ಸುಳಿ ಹೋಯ್ತು, ಮರ ಹೋಯ್ತು" ಎಂದು ಒಳಗಿಂದ ಮಚ್ಚು ತಂದ. ಸೀಬೆಗೂ ತೆಂಗಿನದೇ ಕಾನೂನು.

ಅತ್ತಿಗೆ ಉಗುರಿನಲ್ಲಿ ಕಾಂಡದ ಸಿಪ್ಪೆ ಕೆರೆದರು. ಒಳಗೆ ಹಸಿರು, ಹಸಿಹಸಿ.

"ಜೀವ ಅದೆ ಕಣ್ರೀ. ಒಂದ್ಸಲ ಬಗ್ಗಿ ನೋಡ್ರೀ."

"ನಂಗೇ ಮರ ಹೇಳ್ಕೊಡ್ತೀಯೇನೇ?"

ಅತ್ತಿಗೆ ನನ್ನ ಕಡೆ ತಿರುಗಿದರು. "ಜ್ಞಾನೇಶ, ನೀನು ಓದಿರೋನು. ನೀನಾದ್ರೂ ಹೇಳಪ್ಪ."

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನು. ಪತ್ರಹರಿತ್ತು ಎಲೆಯಲ್ಲಿ ಮಾತ್ರವಲ್ಲ, ಹಣ್ಣಿನ ಗಿಡಗಳ ತೊಗಟೆಯ ಕೆಳಗೂ ಇರುತ್ತದೆ. ಸಿಪ್ಪೆ ದಾಟಿ ಬಂದ ಚೂರುಪಾರು ಬೆಳಕನ್ನೇ ಹೀರಿಕೊಂಡು ಗಿಡಕ್ಕೆ ಒಂದಿಷ್ಟು ಅನ್ನ ಬೇಯಿಸುತ್ತದೆ. ಎಲೆ ಉದುರಿದ ಗಿಡ ಚಿಗುರುವವರೆಗೆ ಉಸಿರು ಹಿಡಿಯಲು ಅದೂ ಆಸರೆ. ಬೋರ್ಡಿನ ಮೇಲೆ ಚಿತ್ರ ಬರೆದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ಹಿಂದೊಮ್ಮೆ ಬಾಯಿಬಿಟ್ಟಾಗ ಅಣ್ಣ ಹತ್ತು ಜನರೆದುರು "ಪುಸ್ತಕದ ಬದನೆಕಾಯಿ" ಅಂದು ನಗಿಸಿದ್ದ. ಆ ನಗು ಇನ್ನೂ ಕಿವಿಯಲ್ಲಿತ್ತು.

"ಅಣ್ಣನಿಗೆ ಗೊತ್ತಿಲ್ಲದ ಮರವಾ ಅತ್ತಿಗೆ?" ಅಂದೆ.

ನಾಲ್ಕು ಏಟಿಗೆ ಗಿಡ ಉರುಳಿತು. ಕಡಿದ ಜಾಗದಿಂದ ನೀರು ಒಸರಿತು. ಅತ್ತಿಗೆ ಒಗೆಯಲು ಕೂತರು.

ಭರಣಿ ಮಳೆ ಬಿದ್ದ ಹದಿನೈದು ದಿನಕ್ಕೆ ಮೋಟು ಐದು ಕಡೆ ಚಿಗುರಿತು. ಅಣ್ಣ ನಾಚಿಕೊಂಡನೇ? ನಾಚಿಕೆಗೂ ಅವನಿಗೂ ಆಗಿಬರುವುದಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ, "ನಾನು ಕಡಿದಿದ್ಕೇ ಚಿಗುರ್ತು ಕಣ್ಲಾ. ಇವಳ ಮಾತು ಕೇಳಿದ್ರೆ ಒಣಗೋಗಿರೋದು" ಎಂದು ಎದೆಯುಬ್ಬಿಸಿದ.

ನನಗೆ ತಡೆಯಲಾಗಲಿಲ್ಲ. ಅವನು ಅತ್ತ ಹೋದ ಮೇಲೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ತೊಗಟೆಯ ಹಸಿರಿನ ಪಾಠವನ್ನೆಲ್ಲ ಒಪ್ಪಿಸಿ, "ಇಷ್ಟೂ ಗೊತ್ತಿಲ್ಲದ ಇಂಥ ಮನುಷ್ಯನ ಜೊತೆ ಹೇಗೆ ಬಾಳಿದಿರಿ ಅತ್ತಿಗೆ?" ಅಂದೆ.

ಅತ್ತಿಗೆ ಸೀರೆಯ ನೀರನ್ನು ಮೋಟಿನ ಬುಡಕ್ಕೆ ಹಿಂಡಿದರು.

"ಅವ್ರಿಗೆ ಗೊತ್ತಿರ್ಲಿಲ್ಲ ಕಣಪ್ಪ," ಅಂದರು. "ನಿಂಗೆ ಗೊತ್ತಿತ್ತು."